ಒಂದು ದಿನದ ಎತ್ತುಗಳು

ಹುಣಸೂರು,
ತಾರಣ ಸಂವತ್ಸರದ ಮಾರ್ಗಶಿರ,
ಡಿಸೆಂಬರ್ ೧೯೪೪

ರುದ್ರಸ್ವಾಮಿ ಮೇಷ್ಟ್ರೇ,

ಹನಗೋಡಿನ ಮಂಟಯ್ಯನ ನಮಸ್ಕಾರಗಳು.

ಕಾಗದದ ಮೊದಲಿಗೆ "ಇಲ್ಲಿ ನಾವೆಲ್ಲ ಕ್ಷೇಮ" ಎಂದು ಬರೆಯುವುದು ರೂಢಿ. ನಿಮಗೆ ಹಾಗೆ ಬರೆಯಲು ಧೈರ್ಯ ಸಾಲದು. "ನಾವೆಲ್ಲ ಅಂದರೆ ಯಾರ್ಯಾರು ಮಂಟಯ್ಯ? ಹೆಸರು ಹಿಡಿದು ಹೇಳು" ಎನ್ನುವವರು ನೀವು. ಹಾಗಾಗಿ ಹೆಸರು ಹಿಡಿದೇ ಹೇಳುತ್ತೇನೆ. ನಾನು ಕ್ಷೇಮ, ದವಡೆಯ ಹಲ್ಲು ಎರಡು ಹೋಗಿವೆ. ನನ್ನ ಹೆಂಡತಿ ಪುಟ್ಟಸಿದ್ದಮ್ಮ ಕ್ಷೇಮ, ಬೈಯುವುದು ಜಾಸ್ತಿಯಾಗಿದೆ. ಅವಳು ಬೈಯುವುದನ್ನು ನಿಲ್ಲಿಸಿದ ದಿನ ವೈದ್ಯರನ್ನು ಕರೆಸಬೇಕು. ಅಂಕಯ್ಯಣ್ಣನ ಕಣ್ಣು ಮಂಜಾಗಿದೆ, ಕಿವಿ ಮಾತ್ರ ಇನ್ನೂ ಚುರುಕು. ನಮ್ಮ ಲಾರಿಯೂ ಕ್ಷೇಮ, ಕೆಮ್ಮು ಇದೆ. ಇನ್ನು ಕಾಕನಕೋಟೆ ಹಾಡಿಯ ಸಣ್ಣಿ, ಮುತ್ತ ಕ್ಷೇಮವೋ ಅಲ್ಲವೋ ಎನ್ನುವುದೇ ಈ ಕಾಗದದ ವಿಷಯ.

ಎರಡೂವರೆ ವರ್ಷ ಸುಮ್ಮನಿದ್ದವನು ಈಗ ಯಾಕೆ ಬರೆಯುತ್ತಿದ್ದಾನೆ ಎನ್ನುತ್ತೀರಿ. ಮೇಷ್ಟ್ರೇ, ಆ ಆಷಾಢದ ಸಭೆಯಲ್ಲಿ ನೀವು ಬಾಯಿಯವರೆಗೂ ತಂದುಕೊಂಡು ನುಂಗಿದ ಒಂದು ಪ್ರಶ್ನೆ ಇತ್ತು. ಅದನ್ನು ಹೋದ ತಿಂಗಳು ಸಣ್ಣಿ ಹತ್ತೊಂಬತ್ತು ಗಂಡಸರ ಎದುರಿಗೆ ಕೇಳಿಬಿಟ್ಟಳು. ಕೇಳಿದ ಮೇಲೆ ನನಗೆ ನಿದ್ದೆ ಸರಿಯಾಗಿ ಬಂದಿಲ್ಲ. ಬೆಂಗಳೂರಿನ ಗಿರಣಿಯಲ್ಲಿರುವ ನಮ್ಮ ಷಡ್ಡಕ ಊರಿಗೆ ಬಂದಿದ್ದ, ನಿಮ್ಮ ವಿಳಾಸ ಅವನಿಂದ ಸಿಕ್ಕಿತು. "ರುದ್ರಸ್ವಾಮಿ ಮೇಷ್ಟ್ರು ಸೊರಗಿದ್ದಾರೆ, ಆದರೆ ಮಾತು ಸೊರಗಿಲ್ಲ" ಎಂದ. ಸಮಾಧಾನವಾಯಿತು.

ಮೊದಲಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ, ನನ್ನ ಬಾಯಲ್ಲಿ ಅದು ಹೇಗೆ ಕೇಳಿಸುತ್ತದೋ ನೀವು ನೋಡಬೇಕು.

ನೀವು ನಮ್ಮನ್ನು ಮೊದಲು ಕಂಡದ್ದು ಅಂತರಸಂತೆಯ ಈಚೆ, ಮಟಮಟ ಮಧ್ಯಾಹ್ನ. ಎಡತೊರೆಯ ಕಡೆಯಿಂದ ಬಂದ ಹೊಸ ಮೇಷ್ಟ್ರು, ಕಂಕುಳಲ್ಲಿ ಕೊಡೆ, ಚೀಲದ ತುಂಬ ಪುಸ್ತಕ. ಊರನ್ನು ಈಗ ಕೃಷ್ಣರಾಜನಗರ ಅನ್ನಬೇಕು ಎಂದು ನೀವೇ ತಿದ್ದಿದಿರಿ, ನಮ್ಮ ನಾಲಿಗೆಗೆ ಇನ್ನೂ ಎಡತೊರೆಯೇ. ಕಾಕನಕೋಟೆಯ ಕಾಡಿನಿಂದ ನಾಟಾ ಮರದ ದಿಮ್ಮಿ ಹೇರಿಕೊಂಡು ಹುಣಸೂರು ಡಿಪೋಗೆ ಹೊರಟ ನಮ್ಮ ಹತ್ತೊಂಬತ್ತು ಗಾಡಿ ದಾರಿಯ ಪಕ್ಕ ನೊಗ ಇಳಿಸಿ ನಿಂತಿದ್ದವು. ಒಂದೇ ಒಂದು ಗಾಡಿಯ ಅಚ್ಚು ಮುರಿದಿತ್ತು. ಉಳಿದ ಹದಿನೆಂಟು ಗಟ್ಟಿಮುಟ್ಟಾಗಿದ್ದವು. ನೀವು ನಮ್ಮ ಸಾಲಿನ ಹಿರಿಯ ಅಂಕಯ್ಯಣ್ಣನನ್ನು ಕೇಳಿದಿರಿ, "ಮುರಿದದ್ದು ಒಂದು, ನಿಂತದ್ದು ಯಾಕೆ ಎಲ್ಲ?"

ಅಂಕಯ್ಯಣ್ಣ ಎಲೆ ಅಡಿಕೆ ಉಗುಳಿ ಹೇಳಿದ, "ಅದು ಅಂಗೇ ಕಣ್ ಸಾಮಿ. ಸಾಲ್ನಲ್ಲಿ ಒಬ್ಬಂದು ಮುರುದ್ರೆ ಯಾರೂ ನೊಗ ಎತ್ತಂಗಿಲ್ಲ. ಮುರುದ್ ಗಾಡಿ ಏಳೋವರ್ಗೂ ಎಲ್ರೂವೆ ಇಲ್ಲೇಯ."

"ಎರಡು ದಿನ ಆದರೆ?"

"ಎಲ್ಡು ದಿನ ಗಂಜಿ."

ನೀವು ಕೊಡೆ ಕೆಳಗಿಟ್ಟು ನಮ್ಮ ಪಕ್ಕದಲ್ಲೇ ಕೂತಿರಿ. ಕೊಟ್ಟ ಗಂಜಿ ಕುಡಿದಿರಿ. ಆಮೇಲೆ ನಕ್ಕು, "ಮೈಸೂರಿನಲ್ಲಿ ನಾನು ನಾಲ್ಕು ವರ್ಷ ಸಂಘ ಕಟ್ಟೋದು ಹೇಗೆ ಅಂತ ಓದಿದೆ. ಇವರು ಕಟ್ಟಿ ಮುಗಿಸಿ ಗಂಜಿ ಕುಡೀತಾ ಕೂತಿದ್ದಾರೆ. ನನಗೆ ಉಳಿದದ್ದು ಅದನ್ನು ರಿಜಿಸ್ಟರ್ ಮಾಡಿಸೋದು ಒಂದೇ" ಎಂದಿರಿ. ನಮಗೆ ಅದು ಹೊಗಳಿಕೆಯೋ ತಮಾಷೆಯೋ ತಿಳಿಯಲಿಲ್ಲ. ಈ ಮನುಷ್ಯ ಗಂಜಿ ಕೊಟ್ಟರೆ ಕುಡಿಯುತ್ತಾನೆ, ಜಾತಿ ಕೇಳುವುದಿಲ್ಲ ಎನ್ನುವುದಷ್ಟೇ ನಾನು ಅವತ್ತು ಗಮನಿಸಿದ್ದು.

ಆಮೇಲೆ ಗಂಗಾಧರಪ್ಪನವರ ಲಾರಿ ಬಂತು. ಕಂಟ್ರಾಕ್ಟರ್ ಗಂಗಾಧರಪ್ಪನವರು ಕೆಟ್ಟವರಲ್ಲ ಎಂದು ನಾನು ಅವತ್ತೂ ಹೇಳುತ್ತಿದ್ದೆ, ಇವತ್ತೂ ಹೇಳುತ್ತೇನೆ. ನಮ್ಮ ಮೂರು ಹಗಲಿನ ದಾರಿಯನ್ನು ಅವರ ಲಾರಿ ಒಂದು ಬೆಳಿಗ್ಗೆಯಲ್ಲಿ ಮುಗಿಸುತ್ತಿತ್ತು, ಅವರ ಅಪರಾಧ ಅಷ್ಟೇ. ನಾವು ಗುದ್ದಲಿ ಹಾರೆ ತೆಗೆದುಕೊಂಡು ಲಾರಿ ಬೀಳಲಿ ಎಂದು ಕೋಟೆ ದಾರಿಯ ಇಳಿಜಾರಿನಲ್ಲಿ ಹಳ್ಳ ತೋಡಿ ಸೊಪ್ಪು ಮುಚ್ಚಲು ಹೋದೆವು. ಹಾರೆ ಮೊದಲು ಎತ್ತಿದವನು ನಾನೇ. ನೀವು ಓಡಿಬಂದು ತೋಡಿದ ಹಳ್ಳದೊಳಗೆ ಇಳಿದು ನಿಂತಿರಿ. "ಮುಚ್ಚೋದಾದರೆ ನನ್ನನ್ನೂ ಸೇರಿಸಿ ಮುಚ್ಚಿ" ಎಂದಿರಿ. ಹಳ್ಳ ಮೊಣಕಾಲಿನಷ್ಟೂ ಇರಲಿಲ್ಲ. ಅದರಲ್ಲಿ ನಿಂತು ಅಷ್ಟು ದೊಡ್ಡ ಮಾತಾಡಿದ್ದಕ್ಕೆ ನನಗೆ ನಗು ಬಂದುಬಿಟ್ಟಿತು, ಹಾರೆ ಕೆಳಗಿಟ್ಟೆ.

ಅವತ್ತು ನೀವು ಹೇಳಿದ್ದು ಪೂರ್ತಿ ನೆನಪಿದೆ. "ಲಾರಿ ಒಡೆದರೆ ನಾಳೆ ಎರಡು ಬರ್ತವೆ. ಬರಲಿ. ಈ ದೇಶಕ್ಕೆ ಚಕ್ರ ಸಾಲದು, ಇನ್ನೂ ಬೇಕು. ಭದ್ರಾವತಿಯಲ್ಲಿ ಕಬ್ಬಿಣ ಕಾಯಿಸ್ತಾರೆ, ಮಂಡ್ಯದಲ್ಲಿ ಸಕ್ಕರೆ ಮಾಡ್ತಾರೆ, ಎಲ್ಲಾ ಒಳ್ಳೆಯದೇ. ನಮ್ಮ ಜಗಳ ಚಕ್ರದ ಮೇಲಲ್ಲ. ಅದರ ಮೇಲೆ ಕೂತೋರು ಯಾರು, ಅಡಿಗೆ ಸಿಕ್ಕೋರು ಯಾರು, ಜಗಳ ಅಷ್ಟೇ." ಅಲ್ಲಿಗೇ ಬಂದಿದ್ದ ಗಂಗಾಧರಪ್ಪನವರು ಸಮಾಧಾನವಾಗಿಯೇ ಹೇಳಿದರು, "ಮೇಷ್ಟ್ರೇ, ಮೊದಲು ಊರು ಬೆಳೀಲಿ, ಹಂಚೋದು ಆಮೇಲೆ ನೋಡೋಣ." ನೀವು ಅಷ್ಟೇ ಸಮಾಧಾನವಾಗಿ, "ಆ ಆಮೇಲೆ ಅನ್ನೋದು ಯಾವ ವಾರ ಬರುತ್ತೆ ಸ್ವಾಮಿ? ಸೋಮವಾರವೋ, ಸಂತೆ ದಿನವೋ?" ಎಂದಿರಿ. ಗಾಡಿಯವರೆಲ್ಲ ನಕ್ಕರು. ಗಂಗಾಧರಪ್ಪನವರೂ ನಕ್ಕರು. ನಕ್ಕವರನ್ನು ನಂಬಬಾರದು ಎಂದು ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಹಾಗೆ ನಮ್ಮ ಗಾಡಿಯವರ ಸಹಕಾರ ಸಂಘ ಆಯಿತು. ನಾವೇ ಲಾರಿ ಕೊಳ್ಳುವುದು ಎಂದಾಯಿತು. ಬೆಂಗಳೂರಿನಲ್ಲಿದ್ದ ನಿಮ್ಮ ಕೆಂಪು ಬಾವುಟದ ಪಕ್ಷದ ಗೆಳೆಯರೊಬ್ಬರು ಆಗ ನಿಮಗೆ ಒಂದು ಕಾಗದ ಬರೆದಿದ್ದರು. ನೀವು ಅದನ್ನು ಮುಚ್ಚಿಡದೆ ನನಗೆ ಓದಿ ಹೇಳಿದಿರಿ. "ರುದ್ರಸ್ವಾಮಿ, ನೀನು ಕೂಲಿಗಾರರನ್ನು ಕಟ್ಟುತ್ತಿಲ್ಲ, ಮರಿ ಸಾಹುಕಾರರನ್ನು ಸಾಕುತ್ತಿದ್ದೀಯೆ. ಇವತ್ತು ಲಾರಿಯಲ್ಲಿ ಪಾಲು ಕೊಂಡ ಗಾಡಿಯವನು ನಾಳೆ ತನ್ನ ಕೆಳಗೊಬ್ಬ ಕೂಲಿಯನ್ನು ಹುಡುಕುತ್ತಾನೆ." ನನಗೆ ರೇಗಿತು. ಆ ಪುಣ್ಯಾತ್ಮ ಹುಣಸೂರು ನೋಡಿದವರಲ್ಲ, ನನ್ನ ಮುಖ ಕಂಡವರಲ್ಲ, ನನ್ನ ಜಾತಕ ಬರೆಯಲು ಇವರಾರು ಎಂದೆ. ನೀವು ಕಾಗದ ಮಡಿಸುತ್ತ, "ಇವರು ಹೇಳೋದು ಸುಳ್ಳಲ್ಲ ಮಂಟಯ್ಯ. ನಿಜ ಆಗದ ಹಾಗೆ ನೋಡ್ಕೊಳ್ಳೋದು ನಿನ್ನ ಕೆಲಸ" ಎಂದಿರಿ.

ಆ ಕೆಲಸವನ್ನು ನಾನು ಹೇಗೆ ಮಾಡಿದೆ ಎಂದು ಕೇಳಿ.

ಸಂಘದ ನಿಯಮ ಬರೆಯುವಾಗ ಮೆಂಬರು ಯಾರು ಎನ್ನುವ ಪ್ರಶ್ನೆ ಬಂತು. ನೀವು ಕಲಿಸಿದ ಅಕ್ಷರ ಆಗ ನನ್ನ ಕೈಯಲ್ಲಿ ಬಿಸಿಬಿಸಿಯಾಗಿತ್ತು. ಮೂವತ್ತೊಂದನೇ ವಯಸ್ಸಿನಲ್ಲಿ ಬರೆಯಲು ಕಲಿತವನಿಗೆ ಬರೆದದ್ದೆಲ್ಲ ಶಾಸನ. ಗಂಗಾಧರಪ್ಪನವರು ತಮ್ಮ ಕಡೆಯವರ ಹೆಸರಿನಲ್ಲಿ ಒಳಗೆ ನುಗ್ಗಬಾರದು ಎಂದು ನಾನು ಯೋಚಿಸಿ ಯೋಚಿಸಿ ಒಂದು ಸಾಲು ಬರೆದೆ: "ಸ್ವಂತ ಗಾಡಿ ಮತ್ತು ಜೋಡಿ ಎತ್ತು ಉಳ್ಳವನೇ ಈ ಸಂಘದ ಮೆಂಬರು." ಸಾಹುಕಾರರ ಹತ್ತಿರ ಲಾರಿ ಇರುತ್ತದೆ, ಎತ್ತು ಎಲ್ಲಿಂದ ಬರಬೇಕು? ಅಂಕಯ್ಯಣ್ಣ ಬೆನ್ನು ತಟ್ಟಿದ. ನೀವು ಹುಬ್ಬು ಏರಿಸಿ, "ಬಾಗಿಲು ಚೆನ್ನಾಗಿದೆ. ಹಾಕೋ ಮೊದಲು ಒಳಗಿರೋರನ್ನು ಒಂದು ಸಲ ಎಣಿಸಿಕೋ" ಎಂದಿರಿ. ಹತ್ತೊಂಬತ್ತು, ಎಣಿಸಿಯಾಗಿದೆ ಎಂದೆ. ನೀವು ತಿದ್ದಲಿಲ್ಲ. ನಮ್ಮ ಸಂಘದ ನಿಯಮ ನಾವೇ ಬರೆಯಬೇಕು ಎನ್ನುವುದು ನಿಮ್ಮ ಹಟ.

ಮುಂದಿನ ತಿಂಗಳು ಲಾರಿ ಕೊಳ್ಳಲು ಹತ್ತೊಂಬತ್ತು ಗಾಡಿಯನ್ನೂ ಹತ್ತೊಂಬತ್ತು ಜೋಡಿ ಎತ್ತನ್ನೂ ಮಾರಿದೆವು. ನನ್ನ ಮಾಸನನ್ನೂ ಚುಕ್ಕಿಯನ್ನೂ ಪಿರಿಯಾಪಟ್ಟಣದ ಒಬ್ಬ ರೈತ ಹೊಡೆದುಕೊಂಡು ಹೋದ. ಪುಟ್ಟಸಿದ್ದಮ್ಮ ಅವುಗಳ ಕೊರಳಿನ ಗಂಟೆ ಬಿಚ್ಚಿ ಅಡುಗೆಮನೆಯ ಗೂಟಕ್ಕೆ ತೂಗುಹಾಕಿದಳು. "ಲಾರಿ ಸಗಣಿ ಹಾಕ್ತದಾ? ಬೆರಣಿ ತಟ್ಟಕ್ಕೆ ಏನ್ ಮಾಡ್ಲಿ?" ಎಂದು ಒಂದು ವಾರ ಕೇಳಿದಳು. ಎತ್ತು ಮಾರಿದ ಹತ್ತೊಂಬತ್ತು ಜನರಲ್ಲಿ ಒಬ್ಬನಿಗೂ ನಾನು ಬರೆದ ಸಾಲು ಜ್ಞಾಪಕಕ್ಕೆ ಬರಲಿಲ್ಲ ಮೇಷ್ಟ್ರೇ. ನನಗೂ ಬರಲಿಲ್ಲ. ಸಂಘದ ಪುಸ್ತಕವನ್ನು ಪೂಜೆಯ ಗೂಡಿನಲ್ಲಿಟ್ಟು ಮೇಲೊಂದು ಹೂವು ಇಟ್ಟಿದ್ದೆವು. ಪೂಜೆಯ ಗೂಡಿನಲ್ಲಿಟ್ಟದ್ದನ್ನು ಯಾರು ತೆಗೆದು ಓದುತ್ತಾರೆ?

ಯುದ್ಧ ಬಂತು, ಮುಷ್ಕರ ಮಾಡಿಸುತ್ತೀರಿ ಎಂದು ನಿಮ್ಮನ್ನು ಹಿಡಿದುಕೊಂಡು ಹೋದರು. ನೀವು ಜೈಲಿನಲ್ಲಿದ್ದಾಗ ಪೆಟ್ರೋಲು ಹೋಯಿತು. ಲಾರಿಯ ಪಕ್ಕಕ್ಕೆ ಒಂದು ಕಬ್ಬಿಣದ ಒಲೆ ಕೂರಿಸಿ ಇದ್ದಿಲಿನ ಹೊಗೆಯಲ್ಲಿ ಓಡಿಸುವುದು ಬಂತು. ಅದನ್ನು ಹಚ್ಚಿ ಕಾಯಿಸುವಷ್ಟರಲ್ಲಿ ಒಂದು ಸಣ್ಣ ಮದುವೆಯ ಅಡುಗೆ ಆಗುತ್ತದೆ. ಆದರೂ ಓಡುತ್ತದೆ. ಇದ್ದಿಲು ಎಲ್ಲಿಂದ? ಕಾಕನಕೋಟೆಯ ಹಾಡಿಯಿಂದ, ಕಾಡಿನವರ ಕೇರಿಯಿಂದ. ಮುತ್ತ, ಅವನ ತಂಗಿ ಸಣ್ಣಿ, ಅವರ ಕಡೆಯ ಹನ್ನೆರಡು ಮನೆಯವರು ಸೌದೆ ಜೋಡಿಸಿ, ಸೊಪ್ಪು ಮುಚ್ಚಿ, ಮಣ್ಣು ಬಳಿದು, ಉರಿ ಮೇಲೇಳದ ಹಾಗೆ ವಾರಗಟ್ಟಲೆ ಕಾದು ಇದ್ದಿಲು ಮಾಡುತ್ತಾರೆ. ಕಣ್ಣು ತಪ್ಪಿದರೆ ಆ ಇದ್ದಿಲಿನ ಗೂಡು ಹೊತ್ತಿಕೊಂಡು ಬೂದಿ. ಇದ್ದಿಲಿನ ಪರವಾನಗಿ ನಮ್ಮ ಸಂಘದ ಹೆಸರಿನಲ್ಲಿ. ಅಂದರೆ ಅವರು ಬೇರೆ ಯಾರಿಗೂ ಕೊಡುವ ಹಾಗಿಲ್ಲ. ಮೂಟೆಗೆ ಎರಡು ಸೇರು ರಾಗಿ ಎಂದು ಗೊತ್ತು ಮಾಡಿದೆವು.

ಇನ್ನು ನಾನು ಮಾಡಿದ್ದು. ಇದನ್ನು ಪುಟ್ಟಸಿದ್ದಮ್ಮನಿಗೂ ಹೇಳಿರಲಿಲ್ಲ. ಮೊದಲು ರಾಗಿಯ ಚೀಲದಲ್ಲಿ ಇದ್ದಿಲು ತುಂಬಿಸುತ್ತಿದ್ದೆವು. ಎರಡನೇ ವರ್ಷ ನಾನು ಹುಣಸೂರಿನಲ್ಲಿ ಕಾಫಿಬೀಜದ ಹಳೇ ಚೀಲಗಳನ್ನು ಅಗ್ಗಕ್ಕೆ ತಂದೆ. ಅವು ಮೊಳದಷ್ಟು ಎತ್ತರ ಹೆಚ್ಚು. ಚೀಲ ಬದಲಾಯಿತು, ರಾಗಿ ಬದಲಾಗಲಿಲ್ಲ. ಯಾರೂ ಏನೂ ಕೇಳಲಿಲ್ಲ. ನಾನು ಸಂಘಕ್ಕೆ ಎಂಥ ಉಳಿತಾಯ ಮಾಡಿದೆ ಎಂದು ಒಳಗೊಳಗೇ ಬೀಗಿದೆ. ಬೆಂಗಳೂರಿನ ಆ ಪುಣ್ಯಾತ್ಮ ಬರೆದ ಜಾತಕ ಅಲ್ಲಿಗೆ ಅಕ್ಷರ ಬಿಡದೆ ಫಲಿಸಿತ್ತು.

ನಾಲ್ವತ್ತೆರಡರ ಆಷಾಢದಲ್ಲಿ ನೀವು ಬಿಡುಗಡೆಯಾಗಿ ಬಂದಿರಿ. ಗಡ್ಡ, ಸೊರಗಿದ ಕೊರಳು. ನಾವು ಮೆರವಣಿಗೆ ಮಾಡಿದ ಹಾಗೆ ನಿಮ್ಮನ್ನು ಬಸ್ಸಿನಿಂದ ಇಳಿಸಿಕೊಂಡು ಬಂದೆವು. ಅದೇ ವಾರ ನಾವು ಮಿಲಿಟರಿ ನಾಟಾ ಸಾಗಿಸುವುದನ್ನು ನಿಲ್ಲಿಸಿ ಹೆಚ್ಚು ದರ ಕೇಳಬೇಕು ಎಂದು ತೀರ್ಮಾನಿಸಿದ್ದೆವು. ನೀವೇ ಕಲಿಸಿದ ಪಾಠ. ನೀವು ಬಂದದ್ದು ಸರಿಹೋಯಿತು ಎಂದುಕೊಂಡರೆ ನೀವು ಸಭೆಯಲ್ಲಿ ಎದ್ದು ನಿಂತು, "ಈಗ ಮುಷ್ಕರ ಬೇಡ. ಜಪಾನಿನವರು ಬರ್ಮಾ ತಿಂದು ಮುಗಿಸಿದ್ದಾರೆ. ಫ್ಯಾಸಿಸ್ಟರು ಗೆದ್ದರೆ ನಿಮ್ಮ ಲಾರಿಯೂ ಇಲ್ಲ, ಸಂಘವೂ ಇಲ್ಲ, ಕೇಳೋಕೆ ಬಾಯಿಯೂ ಇಲ್ಲ" ಎಂದಿರಿ. ಊರೆಲ್ಲ ಬ್ರಿಟಿಷರು ತೊಲಗಲಿ ಎನ್ನುತ್ತಿದ್ದ ಕಾಲ ಅದು. ಮುಷ್ಕರಕ್ಕಾಗಿ ಜೈಲಿಗೆ ಹೋದವರು ಮುಷ್ಕರ ಬೇಡ ಎನ್ನುತ್ತ ಬಂದರೆ ನಮ್ಮಂಥವರು ಏನೆಂದು ತಿಳಿಯಬೇಕು?

ನಾನು ಎದ್ದು ಏನು ಹೇಳಿದೆ ಎಂದು ನಿಮಗೆ ಮರೆತಿರಲಾರದು. "ಜೈಲಿನ ಊಟ ಚೆನ್ನಾಗಿ ಹಿಡಿಸ್ತು ಅಂತ ಕಾಣ್ತದೆ ಮೇಷ್ಟ್ರಿಗೆ" ಎಂದೆ. ಕೆಲವರು ನಕ್ಕರು. ನಕ್ಕದ್ದರಿಂದ ನನಗೆ ಧೈರ್ಯ ಬಂತು. ಪೂಜೆಯ ಗೂಡಿನಿಂದ ಪುಸ್ತಕ ತೆಗೆದು ನಾನೇ ಬರೆದ ಸಾಲನ್ನು ಜೋರಾಗಿ ಓದಿದೆ. "ಸ್ವಂತ ಗಾಡಿ ಮತ್ತು ಜೋಡಿ ಎತ್ತು ಉಳ್ಳವನೇ ಮೆಂಬರು. ಮೇಷ್ಟ್ರೇ, ನಿಮಗೆ ಎತ್ತಿಲ್ಲ, ಗಾಡಿ ಇಲ್ಲ. ನೀವು ಮೆಂಬರಲ್ಲ. ಈ ಸಭೇಲಿ ಮಾತಾಡೋ ಅಧಿಕಾರ ನಿಮಗಿಲ್ಲ."

ನೀವು ಬಾಯಿ ತೆರೆದಿರಿ. ನನ್ನನ್ನು ನೋಡಿದಿರಿ, ಆಮೇಲೆ ಒಬ್ಬೊಬ್ಬರನ್ನೂ ನೋಡುತ್ತ ಹೋದಿರಿ. ನೀವು ನಮ್ಮ ಮುಖ ಜ್ಞಾಪಕ ಇಟ್ಟುಕೊಳ್ಳುತ್ತಿದ್ದೀರಿ ಎಂದು ಆಗ ಅಂದುಕೊಂಡೆ. ಈಗ ಗೊತ್ತು, ನೀವು ಎಣಿಸುತ್ತಿದ್ದಿರಿ. ಬಾಯಿ ಮುಚ್ಚಿ, ಕೊಡೆ ತೆಗೆದುಕೊಂಡು ಹೊರಟುಹೋದಿರಿ.

ಒಂದು ಮಾತು ನೇರವಾಗಿ ಹೇಳುತ್ತೇನೆ. ಅವತ್ತು ಮುಷ್ಕರ ಬೇಡ ಎಂದದ್ದು ತಪ್ಪು ಎಂದೇ ಇವತ್ತಿಗೂ ನನ್ನ ಲೆಕ್ಕ. ಜಪಾನಿನವರ ಮೇಲಿನ ಸಿಟ್ಟಿಗೆ ನಮ್ಮ ಹೊಟ್ಟೆ ಯಾಕೆ ಕಟ್ಟಬೇಕು? ಅದನ್ನು ಎದುರಿಗೆ ಕೂತು ವಾದಿಸಬಹುದಿತ್ತು. ವಾದ ಮಾಡುವುದು ಬಿಟ್ಟು ಬಾಗಿಲು ತೋರಿಸಿದೆ. ತಪ್ಪು ಮಾತಾಡಿದವರು ನೀವಿರಬಹುದು. ತಪ್ಪು ಕೆಲಸ ಮಾಡಿದವನು ನಾನು.

ಈಗ ಹೋದ ಕಾರ್ತೀಕ. ನಮ್ಮ ಲಾರಿ ನಾಟಾ ತುಂಬಿಕೊಂಡು ಕಾಕನಕೋಟೆಯಲ್ಲಿ ಇದ್ದಿಲಿಗೆ ಕಾದು ನಿಂತಿತು. ಗೂಡುಗಳೆಲ್ಲ ತಣ್ಣಗಿದ್ದವು. ಒಲೆಗೆ ಹಾಕಲು ಒಂದು ಬೊಗಸೆ ಇದ್ದಿಲಿಲ್ಲ. ಡ್ರೈವರು ನಡೆದುಕೊಂಡು ಬಂದು ಸುದ್ದಿ ಹೇಳಿದ. ನಾನು ಹೊರಟೆ. ಹಾಡಿಯ ಮುಂದೆ ಮುತ್ತ ಬಿದಿರು ಸೀಳುತ್ತ ಕೂತಿದ್ದ, ಏಳಲಿಲ್ಲ.

"ಯಾಕ್ಲಾ ಮುತ್ತ, ಗೂಡು ಯಾಕೆ ಹಚ್ಚಿಲ್ಲ?"

"ಚೀಲ ಬೆಳೀತು ಬುದ್ದಿ, ರಾಗಿ ಬೆಳೀನಿಲ್ಲ."

ನಾನು ಮಾತು ಬದಲಿಸಿದೆ. "ಇದನ್ನ ನಿಮಗೆ ಯಾರು ಹೇಳಿಕೊಟ್ರು? ಮೇಷ್ಟ್ರಾ?"

ಸಣ್ಣಿ ಗುಡಿಸಲಿನೊಳಗಿಂದಲೇ ಉತ್ತರ ಕೊಟ್ಟಳು, "ಯೋಳ್ಕೊಡಕ್ಕೆ ಇದೇನ್ ಮಗ್ಗೀನಾ? ಕಯ್ಯಿ ನಿಂತ್ರೆ ಬೆಂಕಿ ನಿಂತದೆ."

ನಿಮ್ಮ ಅಷ್ಟು ಪುಸ್ತಕದ ಮಾತು ಅವಳ ಬಾಯಲ್ಲಿ ನಾಲ್ಕು ಪದಕ್ಕೆ ಮುಗಿಯಿತು. ಅವರು ಕೇಳಿದ್ದು ರಾಗಿ ಹೆಚ್ಚು ಮಾಡಿ ಎಂದಲ್ಲ. ಲಾರಿಯಲ್ಲಿ ನಿಮಗಿರುವ ಹಾಗೆ ನಮಗೂ ಪಾಲಿರಲಿ, ಸಭೆಯಲ್ಲಿ ನಮ್ಮವರೂ ಕೂತಿರಲಿ, ಇನ್ನೊಂದು ಸಲ ಚೀಲ ಬೆಳೆಯುವಾಗ ನಾವೂ ನೋಡುತ್ತಿರಬೇಕು ಎಂದರು. ಮುಂದಿನ ಸಭೆಗೆ ಬನ್ನಿ ಎಂದು ಹೇಳಿ ಬಂದೆ. ಬರಲಾರರು ಎಂಬ ಧೈರ್ಯದಿಂದಲೇ ಹೇಳಿದೆ.

ಅಷ್ಟರಲ್ಲಿ ಗಂಗಾಧರಪ್ಪನವರು ಮನೆಗೇ ಬಂದರು. "ಮಂಟಯ್ಯನೋರೇ" ಎಂದು ಬಹುವಚನ ಹಚ್ಚಿದರು. "ಯಾಕೆ ತಲೆ ಕೆಡಿಸ್ಕೊಳ್ತೀರಿ? ನಿಮ್ಮ ನಾಟಾ ನನ್ನ ಲಾರೀಲಿ ಬರ್ತದೆ. ನೀವು ಹೂಂ ಅನ್ನಿ, ಗೊತ್ತಿರೋರಿಗೆ ಹೇಳಿ ಆ ಹಾಡೀನೇ ಅಲ್ಲಿಂದ ಎತ್ತಿಸ್ತೀನಿ. ಹೊರಗಿನ ಕೂಲಿ ತಂದು ಗೂಡು ಹಚ್ಚಿಸೋಣ." ನನಗೆ ಆ ಮಾತು ಹಿಡಿಸಿತು ಎಂದು ಹೇಳಲು ನಾಚಿಕೆ. ಒಂದು ಹಗಲು ಪೂರ್ತಿ ಹಿಡಿಸಿತು. ನನ್ನ ಒಂದು ಹೂಂ ಎನ್ನುವ ಮಾತಿಗೆ ಹನ್ನೆರಡು ಮನೆ ಎದ್ದುಹೋಗುತ್ತಿದ್ದವು. ನಾನು ಆಗಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಸಭೆಯಲ್ಲಿ ಕೇಳಿ ಹೇಳುತ್ತೇನೆ ಎಂದೆ.

ಸಣ್ಣಿಯೂ ಮುತ್ತನೂ ನಡೆದುಕೊಂಡೇ ಸಭೆಗೆ ಬಂದರು. ಡಿಪೋ ಪಕ್ಕದ ನಮ್ಮ ಕೊಟ್ಟಿಗೆಯ ಹೊಸ್ತಿಲಾಚೆ ಕುಕ್ಕರಗಾಲಲ್ಲಿ ಕೂತರು. ನಾನು ಕಾರ್ಯದರ್ಶಿ. ನನ್ನ ಹತ್ತಿರ ಒಂದು ಒಳ್ಳೆಯ ಆಯುಧ ಇತ್ತಲ್ಲ, ಹಿಂದೆ ಒಮ್ಮೆ ಕೆಲಸಕ್ಕೆ ಬಂದದ್ದು. ಪುಸ್ತಕ ತೆಗೆದೆ, ಹೂವು ಪಕ್ಕಕ್ಕಿಟ್ಟೆ, ಓದಿದೆ. "ಸ್ವಂತ ಗಾಡಿ ಮತ್ತು ಜೋಡಿ ಎತ್ತು ಉಳ್ಳವನೇ ಮೆಂಬರು. ನನ್ನ ಮಾತಲ್ಲ ಕಣವ್ವ ಇದು, ಕಾನೂನು. ನಿಮಗೆ ಎತ್ತಿಲ್ಲ, ಏನು ಮಾಡೋಕಾಯ್ತದೆ?"

ಸಣ್ಣಿ ಎದ್ದು ನಿಂತಳು. ಕೊಟ್ಟಿಗೆಯ ಗೋಡೆಯುದ್ದಕ್ಕೂ ಖಾಲಿ ಗೊಂತು, ಎತ್ತು ಕಟ್ಟುತ್ತಿದ್ದ ಜಾಗ. ಅದನ್ನು ಆ ತುದಿಯಿಂದ ಈ ತುದಿಯವರೆಗೂ ನೋಡಿದಳು.

"ನಿಮ್ ಎತ್ತೆಲ್ಲಿ ಬುದ್ದಿ?"

ಜಗಳಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ಎಲ್ಲಾದರೂ ಮೇಯಲು ಹೋಗಿರಬಹುದು ಎನ್ನುವ ಹಾಗೆ ಕೇಳಿದಳು.

ಮೇಷ್ಟ್ರೇ, ಆ ಕ್ಷಣ ನನಗೆ ಕಂಡದ್ದು ಸಣ್ಣಿಯ ಮುಖವಲ್ಲ, ನಿಮ್ಮದು. ಆ ಆಷಾಢದಲ್ಲಿ ತೆರೆದು ಮುಚ್ಚಿದ ನಿಮ್ಮ ಬಾಯಿ. ನೀವು ಇದನ್ನೇ ಕೇಳಬಹುದಿತ್ತು. ಕೇಳಿದ್ದರೆ ಅಲ್ಲಿಗೇ ನಮ್ಮ ಸಂಘ ಮುಗಿಯುತ್ತಿತ್ತು. ಒಬ್ಬನೂ ಮೆಂಬರಲ್ಲದ ಸಂಘ, ಒಡೆಯನೇ ಇಲ್ಲದ ಲಾರಿ, ಗಂಗಾಧರಪ್ಪನವರು ಬೀದಿಯಲ್ಲೇ ಕಾಯುತ್ತಿದ್ದರು. ನಿಮ್ಮನ್ನು ಹೊರಗೆ ಹಾಕಿದ ಮನೆಯನ್ನು ನೀವು ಬೀಳಲು ಬಿಡಲಿಲ್ಲ. ಅದಕ್ಕೆ ಏನು ಹೆಸರೋ ನನಗೆ ಗೊತ್ತಿಲ್ಲ. ನನ್ನಂಥವನು ಅದನ್ನು ಯಾವ ಕಡೆಯ ಲೆಕ್ಕಕ್ಕೂ ಸೇರಿಸಲಾರ.

ಮೊದಲು ನಕ್ಕವನು ಅಂಕಯ್ಯಣ್ಣ. ಕೆಮ್ಮು ಬರುವವರೆಗೂ ನಕ್ಕ. "ಲೇ ಮಂಟ, ನೀನ್ ಆಕಿದ್ ಬಾಗ್ಲಲ್ಲಿ ನಮ್ಮೆಲ್ರ ಕಾಲೂ ಸಿಗಾಕ್ಕಂಡವೆ ಕಣ್ಲಾ" ಎಂದ. ಆಮೇಲೆ ನಗು ಬಿಟ್ಟು ಕೇಳಿದ, "ಲಾರಿ ಎಲ್ಲೈತೆ ಈಗ?"

"ಕಾಕನಕೋಟೇಲಿ ನಿಂತೈತೆ."

"ಅಂಗಾದ್ರೆ ಸಾಲ್ನಲ್ಲಿ ಒಂದು ಗಾಡಿ ಮುರುದೈತೆ. ಯಾರೂ ನೊಗ ಎತ್ತಂಗಿಲ್ಲ. ಗಂಗಾಧರಪ್ಪನ ಲಾರಿಗೆ ಬ್ಯಾಡ ಅಂತ ಯೋಳು."

ಆರು ಜನ ಒಪ್ಪಲಿಲ್ಲ. ಕೂಗಾಡಿದರು. ಕಾಡಿನವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕಾ ಎಂದರು. ಆದರೆ ನಿಯಮ ಬದಲಿಸಲೇಬೇಕು ಎನ್ನುವುದು ಅವರಿಗೂ ಗೊತ್ತಿತ್ತು, ಇಲ್ಲದಿದ್ದರೆ ಲಾರಿಯಲ್ಲಿ ಅವರ ಪಾಲೂ ಇಲ್ಲ. ತೊಡಕು ಅಲ್ಲೇ ಬಂತು. ಸಹಕಾರ ಇಲಾಖೆಯ ಇನ್ಸ್‌ಪೆಕ್ಟರನ್ನು ಕೇಳಿದೆ. ನಿಯಮ ಬದಲಿಸಬಹುದು, ಆದರೆ ಮೆಂಬರುಗಳೇ ಕೈಯೆತ್ತಬೇಕು ಎಂದರು. ಮೆಂಬರಾಗಬೇಕಾದರೆ ಎತ್ತು ಬೇಕು. ಎತ್ತು ಬೇಡ ಎನ್ನಲು ಎತ್ತು ಬೇಕು! ಅವರು ಕನ್ನಡಕ ಒರೆಸಿಕೊಳ್ಳುತ್ತ, "ಎಷ್ಟು ದಿನದಿಂದ ಎತ್ತು ಇರಬೇಕು ಅಂತ ನೀವು ಬರೆದಿಲ್ಲ, ಮಂಟಯ್ಯ" ಎಂದರು. ಅಷ್ಟೇ ಹೇಳಿದರು. ಅಷ್ಟು ಸಾಕಾಗಿತ್ತು.

ಹೋದ ತಿಂಗಳ ಕೊನೆಯ ಸೋಮವಾರ ನೀವು ಇಲ್ಲಿರಬೇಕಿತ್ತು. ಹನಗೋಡು, ಬೆಟ್ಟದಪುರ, ಕೋಟೆಯ ಆಸುಪಾಸು, ಎಲ್ಲೆಲ್ಲಿ ನೆಂಟರಿದ್ದರೋ ಅಲ್ಲೆಲ್ಲ ಹೋಗಿ ಒಂದು ದಿನಕ್ಕೆ ಗಾಡಿ ಎತ್ತು ಕೊಂಡುತಂದೆವು. ಸಾಲವಲ್ಲ, ಬಾಡಿಗೆಯಲ್ಲ, ಕ್ರಯ. ಜೋಡಿಗೆ ಎರಡು ವೀಳ್ಯದೆಲೆ, ಒಂದಚ್ಚು ಬೆಲ್ಲ. ಬೆಟ್ಟದಪುರದ ನನ್ನ ಬಾಮೈದ ಗೋವಿಂದಯ್ಯ ಬೆಲ್ಲ ಬಾಯಿಗೆ ಹಾಕಿಕೊಂಡು, "ಭಾವ, ಹೊತ್ತು ಮುಳುಗೋದ್ರೊಳ್ಗೆ ವಾಪಸ್ ಮಾರ್ದೆ ಇದ್ರೆ ನಿಮ್ಮನ್ನೂ ಸೇರ್ಸಿ ನೊಗಕ್ಕೆ ಕಟ್ಕಂಡೋಯ್ತೀನಿ" ಎಂದ. ಪುಟ್ಟಸಿದ್ದಮ್ಮ ಗೂಟದಿಂದ ಗಂಟೆ ತೆಗೆದು, ಹುಣಸೆಹಣ್ಣು ಹಾಕಿ ಉಜ್ಜಿ, ಆ ಎತ್ತುಗಳ ಕೊರಳಿಗೆ ಕಟ್ಟಿದಳು. ಅದನ್ನು ಕಂಡು ಉಳಿದವರ ಮನೆಯ ಹೆಂಗಸರೂ ತೆಗೆದು ತಂದರು. ಎಲ್ಲರೂ ಇಟ್ಟುಕೊಂಡಿದ್ದರು ಮೇಷ್ಟ್ರೇ. ನಮಗ್ಯಾರಿಗೂ ಗೊತ್ತೇ ಇರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಹತ್ತೊಂಬತ್ತು ಗಾಡಿ ಡಿಪೋ ಬಯಲಿನಲ್ಲಿ ಸಾಲು ನಿಂತವು. ಅಂಕಯ್ಯಣ್ಣ ಮಂಜುಗಣ್ಣು ಮುಚ್ಚಿಕೊಂಡು ಗಂಟೆ ಕೇಳುತ್ತ ಸಾಲಿನುದ್ದಕ್ಕೂ ನಡೆದ. "ಇದು ಮಂಟಂದು. ಇದು ನಮ್ ಕರಿಯಂದು." ಕೊನೆಗೆ ತನ್ನ ಗಾಡಿಯ ನೊಗ ಹಿಡಿದು ನಿಂತುಬಿಟ್ಟ.

ಇನ್ಸ್‌ಪೆಕ್ಟರು ಬಂದು ಒಂದೊಂದು ಗಾಡಿಯ ಮುಂದೆಯೂ ನಿಂತು ಕೇಳಿದರು, "ಎತ್ತು ನಿಮ್ಮದೇ ತಾನೇ?"

"ಇವತ್ತಿಗೆ ನಮ್ಮದೇ ಸ್ವಾಮಿ."

ಕೆಮ್ಮಿ ಬರೆದುಕೊಂಡರು.

ಹದಿಮೂರು ಕೈ ಮೇಲೆದ್ದವು, ಆರು ಏಳಲಿಲ್ಲ. ಆ ಆರರಲ್ಲಿ ಮೂವರು ಈಗ ಗಂಗಾಧರಪ್ಪನವರ ಕಡೆ ಸೇರಿದ್ದಾರೆ. ಹೊಸ ನಿಯಮ ಹೀಗಿದೆ: "ಈ ದಾರಿಯ ಕೆಲಸಕ್ಕೆ ಮೈ ಕೊಟ್ಟ ಯಾರೇ ಆಗಲಿ, ಗಂಡಾಗಲಿ ಹೆಣ್ಣಾಗಲಿ, ಈ ಸಂಘದ ಮೆಂಬರು." ಬರೆಯುವ ಮೊದಲು ಈ ಸಲ ಒಳಗಿದ್ದವರನ್ನೂ ಎಣಿಸಿದೆ, ಹೊರಗಿದ್ದವರನ್ನೂ ಎಣಿಸಿದೆ. ಆಮೇಲೆ ಕಾಫಿ ಚೀಲದ ವಿಷಯ ನಾನೇ ಎದ್ದು ಎಲ್ಲರ ಮುಂದೆ ಹೇಳಿದೆ. ಪುಟ್ಟಸಿದ್ದಮ್ಮ ಬೈಯಲಿಲ್ಲ. ಅದಕ್ಕೇ ಹೆದರಿಕೆಯಾಯಿತು. ಮರುದಿನ ಬೈದಳು.

ಸಣ್ಣಿ ಹೆಬ್ಬೆಟ್ಟು ಒತ್ತಿದಳು. ಮಸಿ ಹಚ್ಚಬೇಕಾಗಿರಲಿಲ್ಲ, ಬೆರಳಿನಲ್ಲೇ ಇದ್ದಿಲಿತ್ತು. ಒತ್ತಿ, ನನ್ನನ್ನು ನೋಡಿ, "ಈಗ ನಾನೂ ಬುದ್ದಿಯಾ?" ಎಂದು ನಕ್ಕಳು. ಅವತ್ತೇ ಹೊರಟರು, ಹಾಡಿ ತಲುಪಿದ ಕೂಡಲೇ ಗೂಡು ಹಚ್ಚಿದರು. ಗೂಡು ಹದಕ್ಕೆ ಬರಲು ದಿನ ಬೇಕು. ಅಲ್ಲಿಯವರೆಗೂ ಲಾರಿ ಅಲ್ಲೇ ನಿಂತಿತ್ತು, ನಾವು ಇಲ್ಲಿ ಗಂಜಿ ಕುಡಿಯುತ್ತ ಕಾದೆವು. ನಿನ್ನೆ ಕೆಮ್ಮಿಕೊಂಡು ಬಂತು.

ಇದರಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ನೀವೇ ನಂಬುವುದಿಲ್ಲ. ಯುದ್ಧ ಮುಗಿದು ಪೆಟ್ರೋಲು ಬಂದರೆ ಇದ್ದಿಲು ಯಾರಿಗೂ ಬೇಡ. ಆಗ ಸಣ್ಣಿಯವರ ಪಾಲು ಏನಾಗಬೇಕು ಎನ್ನುವುದು ನನಗೆ ತಿಳಿಯದು. ಮುತ್ತ ಈಗಲೇ ಲಾರಿ ಓಡಿಸುವುದನ್ನು ಕಲಿಯುತ್ತೇನೆ ಎನ್ನುತ್ತಿದ್ದಾನೆ. ಬೆಂಗಳೂರಿನ ಆ ಗೆಳೆಯರು ಸಿಕ್ಕರೆ ಹೇಳಿ: ಅವರು ಬರೆದ ಜಾತಕ ಪೂರಾ ಸುಳ್ಳಾಗಲಿಲ್ಲ, ಮೂರು ವರ್ಷ ಫಲಿಸಿತು, ಆಮೇಲೆ ಒಬ್ಬ ಹೆಂಗಸು ಅಡ್ಡ ಬಂದಳು ಎಂದು.

ಒಂದು ಕೆಲಸ ಬಾಕಿಯಿದೆ. ಸಣ್ಣಿಯ ಹೆಬ್ಬೆಟ್ಟಿನ ಕೆಳಗಿನ ಸಾಲಿನಲ್ಲಿ "ಎಡತೊರೆಯ ರುದ್ರಸ್ವಾಮಿ" ಎಂದು ನನ್ನ ಕೈಯಲ್ಲೇ ಬರೆದಿದ್ದೇನೆ. ನೀವು ಕಟ್ಟಿದ ಸಂಘಕ್ಕೆ ನೀವು ಒಂದು ದಿನವೂ ಮೆಂಬರಾಗಿರಲಿಲ್ಲ, ನನ್ನ ಒಂದು ಸಾಲಿನಿಂದ. ಹೆಸರಿನ ಎದುರು ಸಹಿಯ ಜಾಗ ಖಾಲಿ ಇದೆ. ಯಾರೂ ಆಕ್ಷೇಪಿಸಲಿಲ್ಲ. ಅಂಕಯ್ಯಣ್ಣ ಮಾತ್ರ, "ಮೇಷ್ಟ್ರು ಮೈ ಕೊಟ್ಟೋರಾ?" ಎಂದು ಕೇಳಿದ. ಹಳ್ಳದಲ್ಲಿ ಇಳಿದು ನಿಂತದ್ದನ್ನು ಜ್ಞಾಪಿಸಿದೆ. "ಓ, ಆ ಮೊಣಕಾಲುದ್ದ ಅಳ್ಳ" ಎಂದು ತಲೆಯಾಡಿಸಿದ.

ಬನ್ನಿ. ನಾಲ್ವತ್ತೆರಡರ ಜಗಳವನ್ನು ಮತ್ತೆ ಮೊದಲಿನಿಂದ ಆಡೋಣ. ಈ ಸಲ ಇಬ್ಬರೂ ಮೆಂಬರು, ಇಬ್ಬರಿಗೂ ಮಾತಾಡುವ ಅಧಿಕಾರವಿದೆ. ನಾನು ಬಿಟ್ಟುಕೊಡುವುದಿಲ್ಲ. ನೀವೂ ಬಿಟ್ಟುಕೊಡಬೇಡಿ. ಜೈಲಿನ ಊಟದ ಮಾತೊಂದನ್ನು ಮಾತ್ರ ನಾನು ವಾಪಸು ತೆಗೆದುಕೊಳ್ಳುತ್ತೇನೆ, ಅದನ್ನು ನೀವು ಕೇಳಿಯೇ ಇರಲಿಲ್ಲ ಎಂದುಕೊಂಡು ಕ್ಷಮಿಸಿ.

ನೀವು ಬರುವವರೆಗೂ ಆ ಪುಟ ಮುಚ್ಚುವುದಿಲ್ಲ. ಸಾಲಿನಲ್ಲಿ ಒಂದು ಗಾಡಿ ಹಿಂದೆ ಉಳಿದಿದೆ. ನಾವು ನೊಗ ಇಳಿಸಿ ಕೂತಿದ್ದೇವೆ.

ನಿಮ್ಮ ಮೈಗೆ ಬಲ ಬರಲಿ, ಹೋದ ದಾರಿಯಲ್ಲೆಲ್ಲ ಗಂಜಿ ಕೊಡುವವರು ಸಿಗಲಿ ಎಂದು ನಮ್ಮ ಮಂಟೇಸ್ವಾಮಿಯಲ್ಲಿ ಬೇಡಿಕೊಳ್ಳುತ್ತೇನೆ. ನಿಮಗೆ ದೇವರ ಮೇಲೆ ನಂಬಿಕೆಯಿಲ್ಲ, ಗೊತ್ತು. ಬೇಡಿಕೊಳ್ಳುವವನು ನಾನು, ನಿಮಗೇನೂ ಖರ್ಚಿಲ್ಲ.

ನಿಮ್ಮಿಂದ ಅಕ್ಷರ ಕಲಿತವನು, ಅದರಿಂದಲೇ ಕೆಟ್ಟವನು, ಅದರಿಂದಲೇ ತಿದ್ದಿಕೊಂಡವನು,

ಮಂಟಯ್ಯ